ನೆಟ್ಟಗಿನ ನಾರ್ಫೋಕ್, ವಾಲಿದ ಕುಕ್

ಶಹಾಬಾದಿನ ಆ ಕಾಲೇಜಿನ ಅಂಗಳದಲ್ಲಿ ಎರಡು ಎತ್ತರದ ಮರಗಳಿದ್ದವು, ಒಂದು ನೆಟ್ಟಗೆ, ಇನ್ನೊಂದು ತುಸು ವಾಲಿಕೊಂಡು. ಎರಡನ್ನೂ ಎಲ್ಲರೂ ಕ್ರಿಸ್ಮಸ್ ಗಿಡ ಎನ್ನುತ್ತಿದ್ದರು. ಹೊಸ ಗೇಟಿಗೆ ಜಾಗ ಬೇಕಾದಾಗ ಪ್ರಾಂಶುಪಾಲ ರೇವಣಪ್ಪನವರು ಹೆಚ್ಚು ಯೋಚಿಸಲಿಲ್ಲ. ಒಂದನ್ನು ಕಡಿದರೆ ಇನ್ನೊಂದು ಇದ್ದೇ ಇದೆಯಲ್ಲ.

ಸಸ್ಯಶಾಸ್ತ್ರ ಕಲಿಸುವ ಲುಂಬಿನಿ ಭಂಕೂರಿನಿಂದ ಬಂದು ಆಟೋ ಇಳಿಯುವಷ್ಟರಲ್ಲಿ ಗುತ್ತಿಗೆದಾರ ಅಬ್ದುಲ್ ಗನಿ ನೆಟ್ಟಗಿನ ಮರಕ್ಕೆ ಹಗ್ಗ ಬಿಗಿಸುತ್ತಿದ್ದ. ಕೆಲಸಕ್ಕೆ ಸೇರಿದಾಗಿನಿಂದ ಅವಳು ಆ ಎರಡನ್ನೂ ಹೋಲಿಸಿ ನೋಡುತ್ತಲೇ ಇದ್ದಳು. ಖಾತ್ರಿಯಾಗದೆ ಬಾಯಿ ಬಿಟ್ಟಿರಲಿಲ್ಲ. ಮೊನ್ನೆಯಷ್ಟೇ ಬೆಂಗಳೂರಿನ ತಜ್ಞರೊಬ್ಬರು ಫೋಟೊ ನೋಡಿ, ನಿಮ್ಮ ಊಹೆ ಸರಿ, ಎರಡೂ ಬೇರೆ ಬೇರೆ ಜಾತಿ ಎಂದಿದ್ದರು.

"ಗನಿ ಭಾಯ್, ಜರಾ ನಿಂದ್ರಿ," ಎಂದವಳೇ ಪ್ರಾಂಶುಪಾಲರನ್ನು ಅಂಗಳಕ್ಕೆ ಕರೆತಂದಳು.

"ಎರಡೂ ಒಂದೇ ಅಲ್ಲೇನ್ರಿ ಮೇಡಂ?"

"ಅಲ್ಲ ಸರ್. ಈ ವಾಲಿದ್ದು ನೋಡ್ರಿ, ಕಂಬದಂಗ ಸಣ್ಣಗ ಅದ, ತೊಗಟಿ ಕಾಗದದಂಗ ಸುಲೀತದ. ಇದು ಕುಕ್ ಪೈನ್. ಅದರ ನಾಡಿನಾಗ ಬೇಕಾದಷ್ಟು ಅವ, ಚಿಂತಿ ಇಲ್ಲ. ನೀವು ಕಡೀಲಿಕತ್ತಿದ್ದು ನಾರ್ಫೋಕ್ ಪೈನ್. ಟೊಂಗಿ ಹೆಂಗ ಅಂತಸ್ತು ಅಂತಸ್ತಾಗಿ ಅಗಲಕ್ಕ ಚಾಚ್ಯಾವ ನೋಡ್ರಿ. ಇದರ ಹುಟ್ಟೂರು ಸಮುದ್ರದಾಗಿನ ಸಣ್ಣ ದ್ವೀಪ. ಅಲ್ಲಿ ಈ ಜಾತಿಗೆ ಅಪಾಯ ಅದ ಅಂತ ಜಗತ್ತಿನ ವಿಜ್ಞಾನಿಗಳು ಹೇಳ್ಯಾರ."

ರೇವಣಪ್ಪ ಕತ್ತೆತ್ತಿ ತುದಿಯವರೆಗೂ ನೋಡಿದರು. "ಇಲ್ಲೊಂದು ಉಳಿದ್ರ ಆ ದ್ವೀಪಕ್ಕೇನ್ ಬಂತ್ರಿ?"

ಕೇಳಿದ್ದು ಸರಿಯಾಗಿಯೇ ಇತ್ತು. ಲುಂಬಿನಿ ಸುಳ್ಳು ಹೇಳಲಿಲ್ಲ.

"ದ್ವೀಪಕ್ಕ ಏನೂ ಬರಂಗಿಲ್ಲ ಸರ್, ನಮಗ ಬರ್ತದ. ಒಂದು ಸುರಕ್ಷಿತ, ಒಂದು ಅಪಾಯದಾಗ. ಎರಡೂ ಬಾಜೂಕ ನಿಂತಿದ್ದು ನಮ್ಮ ಹುಡುಗರು ಮತ್ತೆಲ್ಲಿ ಮುಟ್ಟಿ ನೋಡಬೇಕು?"

ಅಬ್ದುಲ್ ಗನಿ ಗೇಟಿಗೆ ಗುರುತು ಮಾಡಿದ್ದ ಜಾಗದತ್ತ ಕೈ ತೋರಿದ. "ಸಾಹೇಬ್ರ, ಪಾಯಾ ಇನ್ನಾ ತೋಡಿಲ್ಲ. ಗೇಟು ಎಡಕ್ಕ ಸರಿಸೋದು ದೊಡ್ಡ ಮಾತಲ್ರಿ."

"ಹಂಗಾದ್ರ ಸರಿಸ್ರಿ," ಎಂದರು ರೇವಣಪ್ಪ.

ಹಗ್ಗ ಕಳಚಿ ಅಂಗಳದ ಫರಸಿಕಲ್ಲಿನ ಮೇಲೆ ಬಿತ್ತು. ಮಹಡಿಯಲ್ಲಿ ಸಾಲುಗಟ್ಟಿ ನಿಂತು ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ಗದರಬೇಕಾದ ಮೇಡಂ ಬಿಸಿಲಿನಲ್ಲಿ ನಿಂತು ಬಾಯ್ತುಂಬ ನಗುತ್ತಿದ್ದಳು.

ಸುದ್ದಿ ಹಬ್ಬಿ ಮುಂದಿನ ವಾರ ಸೇಡಂ, ಚಿತ್ತಾಪುರದ ಅಧ್ಯಾಪಕರು ಮರ ನೋಡಲು ಬಂದರು. ಲುಂಬಿನಿ ತರಗತಿ ಮುಗಿಸಿ ಬರುವಷ್ಟರಲ್ಲಿ ರೇವಣಪ್ಪನವರೇ ಎದೆಯುಬ್ಬಿಸಿ ವಿವರಿಸತೊಡಗಿದ್ದರು. ಅವಳನ್ನು ಕಂಡದ್ದೇ ಪಕ್ಕಕ್ಕೆ ಸರಿದರು.

"ಬರ್ರಿ ಮೇಡಂ, ನೀವೇ ಹೇಳ್ರಿ. ಅದರ ಹೆಸರು ನನ್ನ ನಾಲಿಗಿ ಮ್ಯಾಲೆ ನಿಂದ್ರವಲ್ದು."

ಲುಂಬಿನಿ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ ದೊಡ್ಡ ದನಿಯಲ್ಲಿ ಶುರುಮಾಡಿದಳು.