ತಿಪ್ಪಮ್ಮ ಎತ್ತಿದ ಕಾಲು

ಹುಟ್ಟುವಾಗ ಕಾಲು ಮುಂದಾಗಿ ಬಂದವರು ಕಾಲಲ್ಲಿ ಮುಟ್ಟಿದರೆ ಎಂಥ ಉಳುಕೂ ಬಿಡುತ್ತದೆ ಎನ್ನುವುದು ಜಗಳೂರು ಸೀಮೆಯ ನಂಬಿಕೆ. ತಿಪ್ಪಮ್ಮ ಹಾಗೆ ಹುಟ್ಟಿದವಳು. ಗೌಡರ ಬೆನ್ನಿಗೂ ಮೇಷ್ಟ್ರ ಬೆನ್ನಿಗೂ ಒದ್ದು ಕೈಮುಗಿಸಿಕೊಂಡ ಹೆಂಗಸು ಊರಲ್ಲಿ ಅವಳೊಬ್ಬಳೇ.

ಅವತ್ತು ಬೆಳಿಗ್ಗೆ ಚೌಡೇಶ್ವರಿ ತನ್ನ ಗಂಡ ಕೆಂಚೇಶನನ್ನು ಎಳೆದುಕೊಂಡೇ ಬಂದಳು. "ಮೆಕ್ಕೆಜೋಳದ ಚೀಲ ಎತ್ತಿದ್ದೇ ನೆಪ, ಎಡಗೈ ಉಳುಕೈತೆ. ಕಾಲು ಮುಟ್ಸವ್ವ."

ಕೆಂಚೇಶ್ ಜಗುಲಿಯ ಮೇಲೆ ಬೋರಲು ಮಲಗಿದ. ತಿಪ್ಪಮ್ಮ ಕಾಲೆತ್ತಿದಳು. ಎತ್ತಿದ ಕಾಲು ಅಲ್ಲೇ ನಿಂತಿತು. ಅಷ್ಟು ಚಳಿಯಲ್ಲೂ ಅವನ ಅಂಗಿ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಕೂತು ಭುಜ ಒತ್ತಿದಳು. ಉಳುಕಿದವರು ಒತ್ತಿದರೆ ಊರು ಒಂದಾಗುವಂತೆ ಕೂಗುತ್ತಾರೆ. ಇವನು ಕಮಕ್ ಕಿಮಕ್ ಎನ್ನಲಿಲ್ಲ.

"ಎದೆ ಮ್ಯಾಲೆ ಚೀಲ ಇಟ್ಟಂಗೈತೆ, ದವಡೆನೂ ಹಿಡ್ದೈತೆ," ಎಂದ.

ಮೂರು ವರ್ಷದ ಹಿಂದೆ ಅವಳ ತಮ್ಮ ನಿಂಗರಾಜ್ ಇದೇ ಮಾತು ಆಡಿದ್ದ. ಅವಳು ಒದ್ದಿದ್ದಳು. "ಹಗುರಾತು ಅಕ್ಕ," ಎಂದು ನಗುತ್ತ ಹೋದವನು ಸಂಜೆಗೆ ಹೃದಯಾಘಾತದಿಂದ ಸತ್ತ. ಬೇಗ ಕರೆತಂದಿದ್ದರೆ ಉಳಿಯುತ್ತಿದ್ದನೇನೋ ಎಂದಿದ್ದರು ಡಾಕ್ಟರು.

"ಇದು ಉಳುಕಲ್ಲ, ಎದೆ! ಆಸ್ಪತ್ರೆಗೆ ನಡೀರಿ!"

"ಒಂದ್ಸಲ ಒದ್ರೆ ನಿನ್ ಕಾಲೇನು ಸವೀತೈತಾ?" ಚೌಡೇಶ್ವರಿ ರೇಗಿದಳು.

"ಒದ್ದೇ ನನ್ ತಮ್ಮನ್ನ ಕಳ್ಕಂಡೀನಿ ಕಣೇ!" ಈ ಮಾತನ್ನು ತಿಪ್ಪಮ್ಮ ಯಾರೆದುರೂ ಆಡಿರಲಿಲ್ಲ. ಚೌಡೇಶ್ವರಿ ಓಡಿಹೋಗಿ ಗಂಡನ ಪಕ್ಕ ಕೂತಳು.

ಸಂತೆಗೆ ಕುರಿ ತುಂಬಿಕೊಂಡ ಗೂಡ್ಸ್ ಆಟೋ ಬರುತ್ತಿತ್ತು. ತಿಪ್ಪಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು. ಕೆಂಚೇಶ್ ಏಳಲು ಹೋದರೆ, "ಒಂದು ಹೆಜ್ಜೆ ಇಡಬ್ಯಾಡ!" ಎಂದು ಗದರಿ ನಾಲ್ಕು ಜನರಿಂದ ಹೊರಿಸಿದಳು.

"ಕುರಿ ಇಳಿಸ್ತೀನಿ ತಡೀರಿ," ಎಂದ ಡ್ರೈವರ್.

"ಅವೂ ಬರಲಿ, ಹೊಡಿಯೋ!"

ಆರು ಕುರಿಗಳು ಒಂದೇ ಸಮ ಅರಚಿದವು. ಅವಕ್ಕಿಂತ ಜೋರಾಗಿ ಅರಚಿದವಳು ತಿಪ್ಪಮ್ಮ. ಎದುರು ಬಂದ ಲಾರಿಗಳೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಆಸ್ಪತ್ರೆಯ ಬಾಗಿಲಲ್ಲಿ ರೋಗಿಯ ಜೊತೆ ಒಂದು ಟಗರೂ ಇಳಿಯಿತು.

ಇಸಿಜಿ ಆಯಿತು, ಮಾತ್ರೆ, ಇಂಜೆಕ್ಷನ್ ಆಯಿತು. ತುಸು ಹೊತ್ತಿಗೆ ಡಾಕ್ಟರ್ ಹೊರಬಂದರು. "ಸರಿಯಾದ ಟೈಮಿಗೆ ಕರ್ಕೊಂಡು ಬಂದ್ರಿ. ದಾವಣಗೆರೆಗೆ ಕಳಿಸ್ತೀವಿ, ಉಳ್ಕೋತಾರೆ." ಆಮೇಲೆ ತಿಪ್ಪಮ್ಮನನ್ನು ಗುರುತಿಸಿ ಹುಬ್ಬು ಗಂಟಿಕ್ಕಿದರು. "ಕಾಲಲ್ಲಿ ಉಳುಕು ತೆಗೆಯೋರು ನೀವೇ ಅಲ್ವಾ? ಇವರಿಗೂ ಒದ್ದಿರಾ?"

ತಿಪ್ಪಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಇಲ್ರೀ ಸಾರ್," ಎಂದಳು. "ಈ ಸಲ ಒದೀಲಿಲ್ಲ."