ಮೈಕಿಗೆ ಬೀಳದ ತಾಳ

ಮೊದಲ ಟೇಪು ಕೆಟ್ಟದ್ದು ನಮ್ಮಮ್ಮನ ತೊಡೆಯಿಂದ. ನಗಬೇಡಿ. ೧೯೬೩ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಡ್ಯಾರಿನ ಶಾಲೆಯೊಂದರ ಹಾಲಿನಲ್ಲಿ, ನಾವು ನಾಲ್ವರು ಜನರೆದುರಿಗೇ ಜಾಝ್ ನುಡಿಸಿ ರೆಕಾರ್ಡ್ ಮಾಡುತ್ತಿದ್ದೆವು. ಸ್ಯಾಕ್ಸೊಫೋನಿನ ಪಂಢರಿನಾಥ, ಪಿಯಾನೋದ ನಾನು, ತಂಡಕ್ಕೆ ಇಬ್ಬರೂ ಯಜಮಾನರು; ಜೊತೆಗೆ ಡ್ರಮ್ಮಿಗೊಬ್ಬ, ಬೇಸಿಗೊಬ್ಬ. ಮುಂದಿನ ಸಾಲಿನಲ್ಲಿದ್ದ ಅಮ್ಮ, ಸಂಗೀತ ಸಭೆಗಳಲ್ಲಿ ಮೂವತ್ತು ವರ್ಷ ತಾಳ ಹಾಕಿದ ಕೈಯಿಂದ ತೊಡೆಗೆ ಪಟಾರನೆ ಬಾರಿಸಿದಳು. ಮೈಕಿಗೆ ಅದೂ ಬಿತ್ತು.

“ಉಳಿದಿರೋದು ಒಂದೇ ಟೇಪು ಸಾರ್,” ಎಂದ ರೆಕಾರ್ಡಿಂಗ್ ಮಾಡುತ್ತಿದ್ದ ಕಿಟ್ಟು. “ಇದೂ ಕೆಟ್ರೆ ರೆಕಾರ್ಡೇ ಇಲ್ಲ.”

ನನಗೆ ತಲೆ ಕೆಟ್ಟಿತು. “ಅಮ್ಮಾ, ಇನ್ನೊಂದು ಏಟು ಬಿದ್ರೆ ನನ್ನ ಕಥೆ ಮುಗೀತು. ಸುಮ್ನೆ ಕೂತ್ಕೋ, ಇಲ್ಲಾಂದ್ರೆ ಮನೆಗೆ ಹೋಗು!”

“ತಾಳ ಹಾಕದೆ ಪಾಟು ಹ್ಯಾಗೋ ಕೇಳೋದು?” ಎಂದು ಎಂದಿನಂತೆ ತಮಿಳು ಬೆರೆಸಿ ಕೇಳಿದವಳ ಮುಖ ಸಣ್ಣಗಾಯಿತು. “ಸರಿ ವಿಷ್ಣು. ಚುಮ್ಮಾ ಕೂತಿರ್ತೀನಿ.”

ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಬೆವರಿಗೆ ಬೆರಳು ಜಾರುತ್ತಿತ್ತು. ಭಯ ಪಿಯಾನೋದ್ದಲ್ಲ, ಅಮ್ಮನ ಬಲಗೈಯದು. ಅದನ್ನೇ ನೋಡುತ್ತ ನುಡಿಸಿದೆ. ಡ್ರಮ್ಮೂ ಬೇಸೂ ನಿಲ್ಲುವ ಜಾಗ ಬಂತು. ಪಂಢರಿ ಒಬ್ಬನೇ ಊದುತ್ತಾನೆ. ಅವನು ಮುಗಿಸಿದಾಗ ಸರಿಯಾಗಿ ಸಮಕ್ಕೆ, ತಾಳದ ಮೊದಲ ಏಟಿಗೆ, ನಾನು ಹಿಡಿಯಬೇಕು. ಎಣಿಕೆ ಎಲ್ಲಿದೆ ಎಂದು ನೋಡಿಕೊಂಡೆ. ಎಣಿಕೆ ಇರಲಿಲ್ಲ! ಕೈ ಕಾವಲು ಕಾಯುತ್ತ ತಾಳವನ್ನೇ ಕಳೆದುಕೊಂಡಿದ್ದೆ. ಪಂಢರಿ ಕಣ್ಣು ಮುಚ್ಚಿ ಊದುತ್ತಲೇ ಇದ್ದ.

ಅಮ್ಮನ ಮಡಿಲಲ್ಲಿ ಏನೋ ಅಲುಗಿತು. ಸೆರಗಿನಂಚಿನಲ್ಲಿ ಕಿರುಬೆರಳು, ಉಂಗುರಬೆರಳು, ನಡುಬೆರಳು, ಸದ್ದಿಲ್ಲದೆ. ಆಮೇಲೆ ಅಂಗೈ ಎರಡು ಸಲ ಮಗುಚಿತು. ಆದಿತಾಳದ ಎಂಟು ಎಣಿಕೆ ಮುಗಿಯಿತು. ಇನ್ನು ಸಮ. ಕೈ ಮೇಲೆದ್ದಿತು. ಬೇಡಮ್ಮಾ ಎಂದು ಒಳಗೇ ಕೂಗಿದೆ. ಇಳಿದ ಕೈ ಸೀರೆಗೆ ಕೂದಲೆಳೆಯಷ್ಟು ಮೇಲೆ ನಿಂತುಬಿಟ್ಟಿತು. ಅದೇ ಕ್ಷಣಕ್ಕೆ ನನ್ನ ಹತ್ತೂ ಬೆರಳು ಪಿಯಾನೋದ ಮೇಲೆ ಬಿದ್ದವು.

ಮೂರು ತಿಂಗಳಿಗೆ ರೆಕಾರ್ಡು ಬಂತು. ಟಿ. ನಗರದ ನಮ್ಮ ಮನೆಯಲ್ಲಿ ಅಮ್ಮನ ಮುಂದೆ ಹಾಕಿದೆ. ಇಲ್ಲಿ ಯಾವ ಮೈಕೂ ಇರಲಿಲ್ಲ. ಆದರೂ ಆ ಜಾಗ ಬಂದಾಗ ಅವಳ ಕೈ ಗಾಳಿಯಲ್ಲೇ ನಿಂತಿತು.

“ಅವತ್ತು ಎಷ್ಟು ಹೆದ್ರಿದ್ದೆ ಗೊತ್ತೇನೋ,” ಎಂದಳು. “ಈ ಹಾಳು ಕೈ ಎಲ್ಲಿ ಬಿದ್ದು ನಿನ್ನ ಕೆಡಿಸುತ್ತೋ ಅಂತ.”

ಗ್ರಾಮಫೋನಿನ ಮುಳ್ಳನ್ನು ಎತ್ತಿ ಮತ್ತೆ ಹಿಂದಕ್ಕಿಟ್ಟೆ. ಆ ಜಾಗ ತಿರುಗಿ ಬಂದಾಗ ಅವಳ ಕೈ ಹಿಡಿದು, ಸಮಕ್ಕೆ ಸರಿಯಾಗಿ, ಅವಳ ತೊಡೆಗೇ ಪಟಾರನೆ ಬಾರಿಸಿದೆ.