ದಿಂಬಿನಡಿಯ ಪಿಸ್ತೂಲು

ನಮ್ಮ ಇಸ್ತಾಪಲಾಪಾ ಬಡಾವಣೆಯ ಗುಡ್ಡದಲ್ಲಿ ಕಳ್ಳರು ಮಿನಿಬಸ್ಸು ಹತ್ತುವುದು ಹೊಸತೇನಲ್ಲ. ಒಂದು ಸಂಜೆ ನನ್ನ ಗಂಡ ಫಿಲೆಮೋನನ ಫೋನು, ಪಗಾರ ಎರಡೂ ಹಾಗೇ ಹೋದವು. ಆಮೇಲೆ ಆತ ಸಂತೆಯಲ್ಲಿ ಯಾರಿಂದಲೋ ಪಿಸ್ತೂಲು ತಂದು ದಿಂಬಿನಡಿ ಇಟ್ಟುಕೊಂಡ. ಲೈಸೆನ್ಸ್ ಇಲ್ಲ, ಗುರಿ ಇಡಲು ಬರುವುದಿಲ್ಲ, ಮೀಸೆ ಮಾತ್ರ ತಿರುವಿದ್ದೇ ತಿರುವಿದ್ದು.

ಆ ಪಿಸ್ತೂಲು ಕಂಡರೇ ನನಗೆ ಭಯ. ಪಕ್ಕದ ಮನೆಯ ನರ್ಸ್ ಇಮೆಲ್ಡಾಳನ್ನು ಕರೆದೆ.

“ಫಿಲೆಮೋನಣ್ಣ, ಕಳ್ಳ ಬಂದ್ರೆ ಏನ್ಮಾಡ್ತೀಯ?” ಅಂದಳು ಆಕೆ.

“ಸುಟ್ಟುಬಿಡ್ತೀನಿ.”

“ನಿನ್ ಕನ್ನಡಕ ಎಲ್ಲಿರತ್ತೆ?”

“ಅಡುಗೆಮನೇಲಿ.”

“ಓಹೋ. ‘ಸ್ವಲ್ಪ ಇರಪ್ಪ, ಕನ್ನಡಕ ತರ್ತೀನಿ’ ಅಂತ ಕಳ್ಳಂಗೆ ಹೇಳಿ ಹೋಗ್ತೀಯ?”

ನನಗೆ ನಗು ತಡೆಯಲಾಗಲಿಲ್ಲ. ಆತ ಮುಖ ಗಂಟು ಹಾಕಿಕೊಂಡ. “ನಗ್ರಿ, ನಗ್ರಿ. ಪೊಲೀಸ್ನೋರು ಬರೋತನಕ ನನ್ ಮನೆ ಕಾಯೋರ್ಯಾರು?”

“ನಿನ್ ಭಯ ಸುಳ್ಳಲ್ಲಣ್ಣ. ಆದ್ರೆ ಮನೆ ಪಿಸ್ತೂಲಿಂದ ಕಳ್ಳಂಗೆ ಏಟಾಗಿದ್ದು ನಾನಂತೂ ನೋಡಿಲ್ಲ. ಮನೆಯವರಿಗೇ ಗುಂಡು ತಾಗಿ ಆಸ್ಪತ್ರೆಗೆ ಬಂದಿದ್ದು ನೋಡಿದೀನಿ. ಇನ್ನು ಕಳ್ಳತನ ಮಾಡೋ ಆ ಹುಡುಗ್ರೂ ನಮ್ ಬೀದಿಯವ್ರೇ. ಸ್ಕೂಲ್ ಬಿಟ್ಟಿದಾರೆ, ಕೆಲ್ಸ ಇಲ್ಲ. ಮೈದಾನಕ್ಕೆ ಬೀಗ, ಬೀದಿಗೆ ದೀಪ ಇಲ್ಲ. ಅದನ್ನೆಲ್ಲ ಪಿಸ್ತೂಲು ಸರಿಮಾಡತ್ತಾ?”

“ಭಾಷಣ ಚೆನ್ನಾಗಿದೆ,” ಅಂದು ಆತ ತಟ್ಟೆಯಲ್ಲಿದ್ದ ತಮಾಲೆ ಕಡುಬಿಗೆ ಸುತ್ತಿದ್ದ ಜೋಳದ ಸಿಪ್ಪೆ ಬಿಡಿಸತೊಡಗಿದ. ಪಿಸ್ತೂಲು ಇದ್ದಲ್ಲೇ ಇತ್ತು.

ಆತನ ಹುಟ್ಟುಹಬ್ಬ ಬಂತು. ಹುಟ್ಟುಹಬ್ಬದವರನ್ನು ನಸುಕಿನಲ್ಲೇ ಹಾಡಿ ಎಬ್ಬಿಸುವುದು ನಮ್ಮ ಪದ್ಧತಿ. ಮಗಳ ಮನೆಯವರು ಈ ಸಲ ನನಗೂ ಹೇಳದೆ, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಹೆಜ್ಜೆಯಲ್ಲಿ ಅಂಗಳಕ್ಕೆ ಬಂದಿದ್ದರು. ನನಗೆ ಎಚ್ಚರವಾದಾಗ ಫಿಲೆಮೋನ್ ಬಾಗಿಲಿಗೆ ಪಿಸ್ತೂಲು ಗುರಿಯಿಟ್ಟು ನಿಂತಿದ್ದ. ಹೊರಗೆ ಪಿಸುಮಾತು. ಆತನ ಬೆರಳು ಬಿಗಿಯಾಗುತ್ತಿತ್ತು.

ಅಷ್ಟರಲ್ಲಿ ಹೊರಗೆ ಯಾರೋ ಕಿಸಕ್ಕನೆ ನಕ್ಕರು. ನಮ್ಮ ಪುಟ್ಟ ಮೊಮ್ಮಗಳು ಇತ್ಸೆಲ್. ಹಿಂದೆಯೇ ಗಿಟಾರು, ಹಾಡು.

ಫಿಲೆಮೋನ್ ಪಿಸ್ತೂಲನ್ನು ನೆಲಕ್ಕಿಟ್ಟು ಅಲ್ಲೇ ಕುಸಿದು ಕೂತ. ನಾನು ಅದನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ ಬಾಗಿಲು ತೆರೆದೆ. “ತಾತ ಯಾಕೆ ಅಳ್ತಿದಾನೆ?” ಅಂದಳು ಇತ್ಸೆಲ್. “ಖುಷಿಗೆ ಪುಟ್ಟಾ, ಖುಷಿಗೆ,” ಅಂದ. ಸುಳ್ಳೇನಲ್ಲ. ಬಿಸಿ ಚಾಕೊಲೇಟು ಕುಡಿದು, ಬೆಳಕು ಹರಿಯುವತನಕ ನಮ್ಮೆಲ್ಲರಿಗಿಂತ ಜೋರಾಗಿ ಹಾಡಿದವನು ಆತನೇ.

ಆ ಭಾನುವಾರ ಚರ್ಚಿನ ಅಂಗಳದಲ್ಲಿ ಸರ್ಕಾರದವರು ಜನ ತಂದೊಪ್ಪಿಸುವ ಆಯುಧ ತೆಗೆದುಕೊಳ್ಳುತ್ತಿದ್ದರು. ನಾವೂ ಒಯ್ದು ಕೊಟ್ಟೆವು. ಹೆಸರು ಕೇಳಲಿಲ್ಲ, ಬೈಯಲಿಲ್ಲ. ನಮ್ಮ ಕಣ್ಣೆದುರೇ ಪಿಸ್ತೂಲನ್ನು ತುಂಡು ತುಂಡು ಮಾಡಿದರು. ಮರುದಿನದಿಂದ ಫಿಲೆಮೋನ್ ಇಮೆಲ್ಡಾಳ ಜೊತೆ ನಗರಸಭೆ ಕಚೇರಿಗೆ ಅಲೆದ. ಕೊನೆಗೂ ಬೀದಿಗೆ ದೀಪ ಬಂತು, ಮೈದಾನದ ಬೀಗ ತೆಗೆದರು. ಕಳ್ಳತನ ಪೂರ್ತಿ ನಿಂತಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಹೊತ್ತು ಹೊರಗೆ ಕೂತು ಹರಟುತ್ತೇವೆ, ಹುಡುಗರು ಚೆಂಡಾಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಬಚ್ಚಿಟ್ಟ ಪಿಸ್ತೂಲಿದ್ದರೆ ಇವತ್ತೇ ಹೋಗಿ ಒಪ್ಪಿಸಿ. ಬಾಗಿಲಾಚೆ ನಿಂತವರು ಯಾರು ಅಂತ ಗುಂಡು ಕೇಳುವುದಿಲ್ಲ.